ಜೀನ್ ರಿಪೋರ್ಟಿನ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತ ಮತ್ತು ಜೀನ್ ಪರೀಕ್ಷೆಯ ರಿಪೋರ್ಟ್‌ಗಳನ್ನು ಕುಟುಂಬದವರಿಗೆ ಬಿಡಿಸಿ ಹೇಳುವುದು ದಾವಣಗೆರೆಯಲ್ಲಿ ನನ್ನ ಕೆಲಸ. ಹರಿಹರ, ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬರುವವರು ಎದುರಿಗೆ ಕೂತು ಕೇಳಿದ, ಪತ್ರ ಬರೆದು ಕೇಳಿದ, ಮೊಬೈಲಿಗೆ ಸಂದೇಶ ಕಳುಹಿಸಿ ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವವನ್ನು ಇಲ್ಲಿ ಸೇರಿಸಿದ್ದೇನೆ. ರಿಪೋರ್ಟಿನ ಒಂದು ಪದ ತಪ್ಪಾಗಿ ಅರ್ಥವಾಗಿ ಸೊಸೆಯನ್ನು ತವರಿಗೆ ಕಳುಹಿಸಿದ ಮನೆಗಳನ್ನು ಕಂಡಿದ್ದೇನೆ. ಆದ್ದರಿಂದಲೇ ಕೆಲವು ಉತ್ತರಗಳು ಉದ್ದವಾಗಿವೆ. ಚಿಕಿತ್ಸೆಯ ವಿಷಯದಲ್ಲಿ ನಿಮ್ಮನ್ನು ನೋಡುತ್ತಿರುವ ವೈದ್ಯರ ಮಾತೇ ಕೊನೆಯದು.

## ಮೂಲ ಪದಗಳು

ಡಿಎನ್‌ಎ, ಜೀನ್, ಕ್ರೋಮೋಸೋಮ್, ಜೀನೋಮ್ ಎಲ್ಲ ಒಂದೇ ಅಲ್ಲವೇ?

ಒಂದೇ ವಸ್ತುವಿಗೆ ಸಂಬಂಧಿಸಿದವು, ಆದರೆ ಅಳತೆ ಬೇರೆ ಬೇರೆ. ಜೀವಕೋಶದ ಒಳಗಿರುವ ಉದ್ದನೆಯ ಎಳೆಯೇ ಡಿಎನ್‌ಎ. ಅಡೆನೈನ್, ಥೈಮಿನ್, ಗ್ವಾನೈನ್, ಸೈಟೊಸಿನ್ ಎಂಬ ನಾಲ್ಕು ರಾಸಾಯನಿಕಗಳು ಸಾಲುಗಟ್ಟಿ ಅದು ಆಗಿದೆ. ರಿಪೋರ್ಟಿನಲ್ಲಿ ಎ, ಟಿ, ಜಿ, ಸಿ ಎಂದು ಕಾಣುವ ಅಕ್ಷರಗಳು ಇವೇ. ಈ ಎಳೆ 46 ತುಂಡುಗಳಾಗಿ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಒಂದೊಂದು ತುಂಡೂ ಒಂದು ಕ್ರೋಮೋಸೋಮ್, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವರ್ಣತಂತು. 23 ತಾಯಿಯಿಂದ, 23 ತಂದೆಯಿಂದ. ಈ ಎಳೆಯಲ್ಲಿ ದೇಹಕ್ಕೆ ಬೇಕಾದ ಒಂದು ಪ್ರೋಟೀನನ್ನು ತಯಾರಿಸಲು ಸೂಚನೆ ಇರುವ ಭಾಗವನ್ನು ಜೀನ್ ಅಥವಾ ವಂಶವಾಹಿ ಎನ್ನುತ್ತಾರೆ. ಅಂಥವು ಮನುಷ್ಯರಲ್ಲಿ ಸುಮಾರು 20,000 ಇವೆ.

ಇದೆಲ್ಲವೂ ಸೇರಿದ ಮೊತ್ತ ಜೀನೋಮ್. ತಂದೆ ಅಥವಾ ತಾಯಿ ಒಬ್ಬರಿಂದ ಬರುವ ಪಾಲಿನಲ್ಲೇ ಸುಮಾರು 300 ಕೋಟಿ ಅಕ್ಷರಗಳಿವೆ. ಇದಲ್ಲದೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ 16,569 ಅಕ್ಷರಗಳ, 37 ಜೀನ್‌ಗಳ ಒಂದು ಪುಟ್ಟ ಉಂಗುರವಿದೆ. ಅದು ತಾಯಿಯಿಂದ ಮಾತ್ರ ಬರುತ್ತದೆ.

ಮನುಷ್ಯನ ಜೀನೋಮ್ ಪೂರ್ತಿ ಓದಿ ಮುಗಿಸಿದ್ದಾರೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಹಾಗಿದ್ದರೆ ನನ್ನ ಮಗನ ಕಾಯಿಲೆ ಏಕೆ ಗೊತ್ತಾಗುತ್ತಿಲ್ಲ?

ಓದಿದ್ದು ನಿಜ. ಮಾನವ ಜೀನೋಮ್ ಯೋಜನೆ 1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿಯಿತು. ಆಗ ಓದಲಾಗದೆ ಉಳಿದಿದ್ದ ಸುಮಾರು 100ಕ್ಕೆ 8 ಭಾಗವನ್ನು 2022ರಲ್ಲಿ ಭರ್ತಿ ಮಾಡಿದರು. ಆದರೆ ಅಕ್ಷರಗಳ ಸಾಲು ಗೊತ್ತಾಗುವುದು ಒಂದು ಕೆಲಸ, ಆ ಸಾಲಿನ ಒಂದೊಂದು ಅಕ್ಷರವೂ ಏನು ಮಾಡುತ್ತದೆ ಎಂದು ತಿಳಿಯುವುದು ಇನ್ನೊಂದು ಕೆಲಸ. ಎರಡನೆಯದು ಈಗಲೂ ನಡೆಯುತ್ತಿದೆ. ಯಾರದೇ ಇಬ್ಬರ ಜೀನೋಮ್‌ಗಳನ್ನು ಹೋಲಿಸಿದರೂ ಲಕ್ಷಾಂತರ ಕಡೆ ವ್ಯತ್ಯಾಸ ಸಿಗುತ್ತದೆ. ನಿಮ್ಮ ಮಗನಲ್ಲಿ ಕಂಡ ಅಷ್ಟೂ ವ್ಯತ್ಯಾಸಗಳಲ್ಲಿ ಕಾಯಿಲೆಗೆ ಕಾರಣವಾದದ್ದು ಯಾವುದು ಎಂದು ಹುಡುಕುವುದೇ ಕಷ್ಟದ ಭಾಗ.

ಹುಟ್ಟಿನಿಂದಲೇ ಇದೆ ಎಂದರೆ ವಂಶದಿಂದ ಬಂತು ಎಂದೇ ಅರ್ಥ ತಾನೇ?

ಖಂಡಿತ ಹಾಗಲ್ಲ. ಜನ್ಮಜಾತ ಎಂದರೆ ಹುಟ್ಟುವಾಗಲೇ ಇರುವುದು, ಅಷ್ಟೆ. ಬಸಿರಿನಲ್ಲಿ ತಾಯಿಗೆ ರುಬೆಲ್ಲಾ ಸೋಂಕು ತಗುಲಿದರೆ ಮಗುವಿಗೆ ಕಿವುಡು ಬರಬಹುದು; ಅದು ಜನ್ಮಜಾತ, ಆದರೆ ಅದಕ್ಕೂ ಜೀನ್‌ಗೂ ಸಂಬಂಧವಿಲ್ಲ. ಜೀನ್ ಅಥವಾ ಕ್ರೋಮೋಸೋಮಿನ ತೊಂದರೆಯಿಂದ ಬಂದದ್ದು ಆನುವಂಶಿಕ ಕಾರಣದ ಕಾಯಿಲೆ. 21ನೆಯ ಕ್ರೋಮೋಸೋಮ್ ಒಂದು ಹೆಚ್ಚಾಗಿ ಬರುವ ಡೌನ್ ಸಿಂಡ್ರೋಮ್ ಅಂಥದ್ದು, ಆದರೂ ಬಹುಪಾಲು ಸಂದರ್ಭದಲ್ಲಿ ಅದು ತಂದೆತಾಯಿಯಿಂದ ಹರಿದು ಬಂದದ್ದಲ್ಲ, ಅಂಡ ಅಥವಾ ವೀರ್ಯಾಣು ಆಗುವಾಗ ಹೊಸದಾಗಿ ಆದದ್ದು. ಇನ್ನು ಮಿದುಳನ್ನು ಕೆಡಿಸುವ ಹಂಟಿಂಗ್ಟನ್ ಕಾಯಿಲೆ ವಂಶದಲ್ಲೇ ಹರಿದು ಬರುತ್ತದೆ, ಆದರೆ ಸಾಮಾನ್ಯವಾಗಿ 30–50ರ ವಯಸ್ಸಿನವರೆಗೂ ತಲೆಯೆತ್ತುವುದಿಲ್ಲ.

ಮ್ಯುಟೇಶನ್ ಎಂದು ಬರೆದಿದ್ದಾರೆ. ಏನೋ ಕೆಟ್ಟದ್ದಾಗಿದೆಯೇ?

ಮ್ಯುಟೇಶನ್ ಎಂದರೆ ಡಿಎನ್‌ಎಯಲ್ಲಿ ಬದಲಾವಣೆ. ಈಗ ಬಹಳಷ್ಟು ಪ್ರಯೋಗಾಲಯಗಳು ಆ ಪದ ಬಿಟ್ಟು ವೇರಿಯಂಟ್ ಎಂದು ಬರೆಯುತ್ತವೆ. ನನಗೂ ಅದೇ ಸರಿ ಎನಿಸುತ್ತದೆ, ಏಕೆಂದರೆ ಬದಲಾವಣೆಗಳಲ್ಲಿ ಹೆಚ್ಚಿನವು ಯಾವ ತೊಂದರೆಯನ್ನೂ ಮಾಡುವುದಿಲ್ಲ.

ತೊಂದರೆ ಮಾಡುವ ಒಂದನ್ನು ಹತ್ತಿರದಿಂದ ನೋಡೋಣ. 11ನೆಯ ಕ್ರೋಮೋಸೋಮಿನಲ್ಲಿ ಎಚ್‌ಬಿಬಿ ಎಂಬ ಜೀನ್ ಇದೆ, ಹಿಮೋಗ್ಲೋಬಿನ್ನಿನ ಒಂದು ಭಾಗ ತಯಾರಾಗುವುದು ಅದರ ಸೂಚನೆಯಂತೆ. ಅದರಲ್ಲಿ ಒಂದು ಕಡೆ 'ಜಿಎಜಿ' ಇರಬೇಕಾದಲ್ಲಿ 'ಜಿಟಿಜಿ' ಆದರೆ, ಪ್ರೋಟೀನಿನಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಘಟಕ ಇರಬೇಕಾದ ಜಾಗಕ್ಕೆ ವ್ಯಾಲಿನ್ ಎಂಬ ಇನ್ನೊಂದು ಘಟಕ ಬಂದು ಕೂರುತ್ತದೆ. ಬದಲಾದದ್ದು ಒಂದೇ ಅಕ್ಷರ. ಆಮ್ಲಜನಕ ಕಡಿಮೆಯಾದಾಗ ಅಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಸರಳಿನಂತಾಗುತ್ತದೆ, ದುಂಡಗಿದ್ದ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಇದೇ ಸಿಕಲ್ ಸೆಲ್ ಕಾಯಿಲೆ. ತಂದೆತಾಯಿ ಇಬ್ಬರಿಂದಲೂ ಈ ಬದಲಾವಣೆ ಬಂದವರು ನರಳುತ್ತಾರೆ. ಒಬ್ಬರಿಂದ ಮಾತ್ರ ಬಂದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಹೆಚ್ಚಿದ್ದ ಪ್ರದೇಶಗಳಲ್ಲಿ ಇದು ಅಳಿಯದೆ ಉಳಿದುಬಂದದ್ದು ಹೀಗೆ.

## ವಂಶದಲ್ಲಿ ಹರಿದು ಬರುವ ಬಗೆ

ನಾವಿಬ್ಬರೂ ಆರೋಗ್ಯವಾಗಿದ್ದೇವೆ, ಎರಡೂ ಮನೆಯಲ್ಲಿ ಯಾರಿಗೂ ಇಲ್ಲ. ಮಗುವಿಗೆ ಥಲಸ್ಸೇಮಿಯಾ ಎಲ್ಲಿಂದ ಬಂತು?

ನಿಮ್ಮಿಬ್ಬರಿಂದಲೂ ಬಂತು, ಇಬ್ಬರದೂ ತಪ್ಪಿಲ್ಲ. ಥಲಸ್ಸೇಮಿಯಾ ಎಂದರೆ ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸದ ಕಾಯಿಲೆ; ಇದರಲ್ಲೂ ಕೆಟ್ಟಿರುವುದು ಎಚ್‌ಬಿಬಿ ಜೀನೇ. ಎಚ್‌ಬಿಬಿ ಜೀನ್‌ನ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲೂ ಇರುತ್ತವೆ. ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ಆ ವ್ಯಕ್ತಿ ವಾಹಕ, ರಿಪೋರ್ಟಿನಲ್ಲಿ 'ಕ್ಯಾರಿಯರ್', 'ಟ್ರೇಟ್' ಅಥವಾ 'ಮೈನರ್'. ಅವರು ಕಾಯಿಲೆಯವರಲ್ಲ. ಇಬ್ಬರು ವಾಹಕರು ಮದುವೆಯಾದಾಗ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಸೇರುವ ಸಾಧ್ಯತೆ 100ಕ್ಕೆ 25, ವಾಹಕ ಮಗು ಹುಟ್ಟುವ ಸಾಧ್ಯತೆ 50, ಯಾವುದೂ ಇಲ್ಲದ ಮಗು ಹುಟ್ಟುವ ಸಾಧ್ಯತೆ 25. ಹೀಗೆ ಎರಡೂ ಪ್ರತಿ ಕೆಟ್ಟಾಗ ಮಾತ್ರ ತೋರುವ ಕಾಯಿಲೆಗೆ ರಿಸೆಸಿವ್ ಅಥವಾ ಅಪ್ರಭಾವಿ ಎನ್ನುತ್ತಾರೆ. ತಲೆಮಾರುಗಟ್ಟಲೆ ಸದ್ದಿಲ್ಲದೆ ಹರಿದು ಬರಲು ಇದಕ್ಕೆ ಸಾಧ್ಯ.

ವಾಹಕರನ್ನು ಪತ್ತೆ ಮಾಡಲು ದುಬಾರಿ ಪರೀಕ್ಷೆ ಬೇಕಿಲ್ಲ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 80ಕ್ಕಿಂತ, ಎಂಸಿಎಚ್ (ಒಂದು ಕಣದಲ್ಲಿರುವ ಸರಾಸರಿ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆ ಇದ್ದರೆ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ಎಚ್‌ಬಿ ಎ2 ಎಂಬ ಬಗೆಯ ಹಿಮೋಗ್ಲೋಬಿನ್ 100ಕ್ಕೆ 3.5ಕ್ಕಿಂತ ಹೆಚ್ಚಿದ್ದರೆ ಬೀಟಾ ಥಲಸ್ಸೇಮಿಯಾ ವಾಹಕರೆಂದು ಅರ್ಥ. ಕಬ್ಬಿಣಾಂಶ ತೀರಾ ಕಡಿಮೆಯಿರುವವರಲ್ಲಿ ಈ ಅಂಕಿ ಇಳಿದು ಮೋಸ ಮಾಡಬಹುದು, ಹಾಗಾಗಿ ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಕೂಡ ನೋಡುವುದು ಒಳ್ಳೆಯದು. ವಾಹಕ ಹೆಣ್ಣುಮಕ್ಕಳನ್ನು ಬರೀ ರಕ್ತ ಕಡಿಮೆ ಎಂದುಕೊಂಡು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಕಬ್ಬಿಣದ ಕೊರತೆ ಇದ್ದರೆ ಮಾತ್ರ ಅವರಿಗೆ ಆ ಮಾತ್ರೆ ಬೇಕು.

ನಾಲ್ಕರಲ್ಲಿ ಒಂದು ಎಂದಿರಿ. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಬರುವುದಿಲ್ಲವಲ್ಲ?

ಬರಬಹುದು. ಲೆಕ್ಕ ಪ್ರತಿ ಬಸಿರಿಗೂ ಹೊಸದಾಗಿ ಆರಂಭವಾಗುತ್ತದೆ, ಹಿಂದಿನ ಮಗುವಿಗೆ ಏನಾಯಿತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಕುಸುಮ ರೋಗ ಗಂಡುಮಕ್ಕಳಿಗೆ ತಾಯಿಯಿಂದ ಬರುತ್ತದಂತೆ. ಹಾಗಾದರೆ ಇದು ಸೊಸೆಯ ಕಡೆಯ ದೋಷವೇ?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಅತ್ತೆ ಕೇಳುತ್ತಾರೆ. ಪಕ್ಕದಲ್ಲೇ ಸೊಸೆ ತಲೆ ತಗ್ಗಿಸಿ ಕೂತಿರುತ್ತಾಳೆ. ಉತ್ತರವನ್ನು ನಾನು ಸೊಸೆಯ ಮುಖ ನೋಡಿಕೊಂಡು ಹೇಳುತ್ತೇನೆ.

ಕುಸುಮ ರೋಗ ಅಥವಾ ಹಿಮೋಫಿಲಿಯಾ ಇದ್ದವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶ 8 ಅಥವಾ ಅಂಶ 9 ಕಡಿಮೆಯಿರುತ್ತದೆ. 8 ಕಡಿಮೆಯಾದರೆ ಹಿಮೋಫಿಲಿಯಾ ಎ, 9 ಕಡಿಮೆಯಾದರೆ ಬಿ. ಎರಡರ ಜೀನ್‌ಗಳೂ ಎಕ್ಸ್ ಕ್ರೋಮೋಸೋಮಿನಲ್ಲಿವೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಗಂಡಿನಲ್ಲಿರುವ ಒಂದೇ ಎಕ್ಸ್‌ನ ಜೀನ್ ಕೆಟ್ಟರೆ ಬದಲಿ ಇಲ್ಲ, ಕಾಯಿಲೆ ಕಾಣಿಸುತ್ತದೆ. ವಾಹಕ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ 100ಕ್ಕೆ 50 ಸಾಧ್ಯತೆ. ಪ್ರತಿ ಹೆಣ್ಣುಮಗು ವಾಹಕಳಾಗುವ ಸಾಧ್ಯತೆಯೂ ಅಷ್ಟೇ. ಇನ್ನು ಕಾಯಿಲೆಯಿರುವ ಗಂಡಸಿನ ಹೆಣ್ಣುಮಕ್ಕಳೆಲ್ಲರೂ ವಾಹಕರು, ಗಂಡುಮಕ್ಕಳಿಗೆ ಅವನಿಂದ ಬರುವುದಿಲ್ಲ. ಆದ್ದರಿಂದ 'ತಾಯಿಯ ಕಡೆಯದು' ಎನ್ನುವಾಗ, ಆ ತಾಯಿಗೆ ಅದು ಅವಳ ತಂದೆಯಿಂದ ಬಂದಿರಬಹುದು ಎಂಬುದು ನೆನಪಿರಲಿ. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಿಗಂತೂ ಕುಟುಂಬದ ಹಿನ್ನೆಲೆಯೇ ಇರುವುದಿಲ್ಲ; ಬದಲಾವಣೆ ಹೊಸದಾಗಿ ಆಗಿರುತ್ತದೆ. ಯಾರೂ ತಮ್ಮ ಜೀನ್‌ಗಳನ್ನು ಆರಿಸಿಕೊಂಡು ಹುಟ್ಟುವುದಿಲ್ಲ.

ಇನ್ನೊಂದು ಮಾತು ವೈದ್ಯರಿಂದಲೂ ಕೆಲವೊಮ್ಮೆ ತಪ್ಪಿಹೋಗುತ್ತದೆ. ವಾಹಕ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಅಂಶದ ಪ್ರಮಾಣ 100ಕ್ಕೆ 40ಕ್ಕಿಂತ ಕೆಳಗಿರುತ್ತದೆ. ಮುಟ್ಟಿನಲ್ಲಿ, ಹೆರಿಗೆಯಲ್ಲಿ, ಹಲ್ಲು ಕೀಳಿಸಿದಾಗ ಅವರಿಗೆ ವಿಪರೀತ ರಕ್ತ ಹೋಗಬಹುದು. ಮಗನಿಗೆ ಕುಸುಮ ರೋಗ ಇದೆ ಎಂದು ಗೊತ್ತಾದ ದಿನವೇ ತಾಯಿಯ, ಅಕ್ಕತಂಗಿಯರ ಅಂಶವನ್ನೂ ಅಳೆಸಿ.

ಈ ಕಾಯಿಲೆಯ ಮಟ್ಟಿಗೆ ದಾವಣಗೆರೆಯವರು ಅದೃಷ್ಟವಂತರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ಇಲ್ಲೇ. ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, ಸ್ವತಃ ಈ ಕಾಯಿಲೆಯೊಂದಿಗೆ ಬಾಳಿದ ಡಾ. ಸುರೇಶ್ ಹನಗವಾಡಿ ಅವರು ಅದನ್ನು ಕಟ್ಟಿ ಬೆಳೆಸಿದರು.

ನಮ್ಮಲ್ಲಿ ಸೋದರಮಾವನಿಗೇ ಕೊಡುವುದು ರೂಢಿ. ಅಜ್ಜ ಅಜ್ಜಿಯೂ ಹಾಗೇ ಆದವರು, ಎಲ್ಲರೂ ಗಟ್ಟಿಯಾಗಿದ್ದಾರೆ. ಸುಮ್ಮನೆ ಹೆದರಿಸುತ್ತೀರಲ್ಲ?

ಹೆದರಿಸುವುದು ನನ್ನ ಉದ್ದೇಶವಲ್ಲ, ಲೆಕ್ಕ ಹೇಳುತ್ತೇನೆ. ಸೋದರಮಾವ ಮತ್ತು ಅಕ್ಕನ ಮಗಳ ಜೀನ್‌ಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಭಾಗ ಒಂದೇ ಮೂಲದಿಂದ ಬಂದಿರುತ್ತದೆ. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾದರೆ ಅದು ಎಂಟರಲ್ಲಿ ಒಂದು ಭಾಗ. ಅಪ್ರಭಾವಿ ಕಾಯಿಲೆಯ ಕೆಟ್ಟ ಪ್ರತಿ ನಮ್ಮೆಲ್ಲರಲ್ಲೂ ಒಂದೆರಡಾದರೂ ಅಡಗಿರುತ್ತದೆ. ಹೊರಗಿನವರನ್ನು ಮದುವೆಯಾದರೆ ಅದೇ ಜೀನ್ ಅವರಲ್ಲೂ ಕೆಟ್ಟಿರುವ ಸಂಭವ ಕಡಿಮೆ, ಒಂದೇ ಅಜ್ಜ ಅಜ್ಜಿಯಿಂದ ಬಂದವರಲ್ಲಿ ಹೆಚ್ಚು.

ಯಾವ ದಂಪತಿಗೂ ಹುಟ್ಟುವ ಮಗುವಿನಲ್ಲಿ ಗಂಭೀರ ಜನ್ಮಜಾತ ತೊಂದರೆ ಇರುವ ಸಾಧ್ಯತೆ 100ಕ್ಕೆ 2–3 ಇದ್ದೇ ಇದೆ. ಅತ್ತೆ ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಸೋದರಮಾವನೊಂದಿಗಿನ ಮದುವೆಯಲ್ಲಿ ಇನ್ನೂ ಹೆಚ್ಚು. ಅಂದರೆ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ನಿಮ್ಮ ಅಜ್ಜ ಅಜ್ಜಿಯ ಉದಾಹರಣೆ ಸುಳ್ಳಲ್ಲ. ಆದರೆ ಕಿವುಡುತನ, ಬುದ್ಧಿಮಾಂದ್ಯ, ರಕ್ತದ ಅಥವಾ ಚಯಾಪಚಯದ ಕಾಯಿಲೆಯ ಒಂದು ಮಗು ಕುಟುಂಬದಲ್ಲಿ ಆಗಲೇ ಇದ್ದರೆ ಈ ಸರಾಸರಿ ಲೆಕ್ಕ ನಿಮಗೆ ಹೊಂದುವುದಿಲ್ಲ. ಅಂಥ ಮನೆಯಲ್ಲಿ ಮತ್ತೆ ಸಂಬಂಧದೊಳಗೇ ಕೊಡುವ ಮುಂಚೆ ಪರೀಕ್ಷೆ ಮಾಡಿಸಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಹಾಗೆಯೇ ಡೌನ್ ಸಿಂಡ್ರೋಮ್ ಮಗು ಹುಟ್ಟಿದರೆ ಅದನ್ನು ರಕ್ತಸಂಬಂಧದ ತಲೆಗೆ ಕಟ್ಟಬೇಡಿ. ಅದಕ್ಕೂ ಇದಕ್ಕೂ ನಂಟಿಲ್ಲ.

ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಜೀನ್ ಪಾಸಿಟಿವ್ ಎಂದರು. ನನಗೂ ಬಂದೇ ಬರುತ್ತದೆಯೇ?

ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವುದು 100ಕ್ಕೆ 5–10 ಮಾತ್ರ. ನಿಮ್ಮ ಅಮ್ಮನಲ್ಲಿ ಕಂಡದ್ದು ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಎಂಬ ಜೀನ್‌ನ ತೊಂದರೆ ಆಗಿದ್ದರೆ, ಅದು ಡಾಮಿನೆಂಟ್ ಅಥವಾ ಪ್ರಭಾವಿ ಬಗೆ. ಒಂದೇ ಕೆಟ್ಟ ಪ್ರತಿ ಸಾಕು. ನಿಮಗೆ ಅದು ದಾಟಿರುವ ಸಾಧ್ಯತೆ 100ಕ್ಕೆ 50. ದಾಟಿದ್ದರೂ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ 100ಕ್ಕೆ 60–70ರಷ್ಟು. ಕೆಟ್ಟ ಪ್ರತಿ ಇದ್ದವರಲ್ಲಿ ಎಷ್ಟು ಜನರಿಗೆ ಕಾಯಿಲೆ ಕಾಣಿಸುತ್ತದೆ ಎಂಬ ಈ ಪ್ರಮಾಣವನ್ನೇ ಪೆನೆಟ್ರೆನ್ಸ್ ಎನ್ನುತ್ತಾರೆ. ನಿಮ್ಮ ಅಣ್ಣತಮ್ಮಂದಿರೂ ಪರೀಕ್ಷೆ ಮಾಡಿಸಿಕೊಳ್ಳಲಿ, ಏಕೆಂದರೆ ಗಂಡಸರಿಂದಲೂ ಅದು ಹೆಣ್ಣುಮಕ್ಕಳಿಗೆ ದಾಟುತ್ತದೆ.

## ರಿಪೋರ್ಟ್ ಕೈಗೆ ಬಂದಾಗ

ಒಂದೇ ಸಲ ಸೂಜಿ ಚುಚ್ಚಿ ಎರಡು ಟ್ಯೂಬ್‌ಗೆ ರಕ್ತ ತೆಗೆದರು. ಇಷ್ಟೊಂದು ಏಕೆ?

ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುತ್ತದೆ, ಡಿಎನ್‌ಎ ತೆಗೆಯಲು ಅದು ಬೇಕು. ಹಸಿರು ಮುಚ್ಚಳದ್ದರಲ್ಲಿ ಅದೇ ಕೆಲಸ ಮಾಡುವ ಹೆಪಾರಿನ್, ಅದು ಕ್ಯಾರಿಯೋಟೈಪ್‌ಗೆ. ಕ್ಯಾರಿಯೋಟೈಪ್ ಎಂದರೆ ಕ್ರೋಮೋಸೋಮ್‌ಗಳನ್ನೇ ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡುವುದು. ಅದಕ್ಕೆ ಬಿಳಿ ರಕ್ತಕಣಗಳು ಜೀವಂತವಾಗಿ ಪ್ರಯೋಗಾಲಯ ತಲುಪಬೇಕು. ಸುಮಾರು ಮೂರು ದಿನ ಅವನ್ನು ಬೆಳೆಸಿ, ವಿಭಜನೆ ನಡೆಯುವ ಹೊತ್ತಿನಲ್ಲಿ ತಡೆದು, ಬಣ್ಣ ಹಾಕುತ್ತಾರೆ. ತಾಲ್ಲೂಕಿನಿಂದ ಮಾದರಿ ಕಳುಹಿಸುವವರು ಹಸಿರು ಟ್ಯೂಬನ್ನು ನೇರವಾಗಿ ಐಸ್‌ನೊಳಗೆ ಹುದುಗಿಸಿಟ್ಟರೆ ಕಣಗಳು ಸತ್ತು ಮತ್ತೆ ಮಗುವಿಗೆ ಚುಚ್ಚಬೇಕಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

'47, ಎಕ್ಸ್‌ವೈ, +21' ಎಂದು ಬಂದಿದೆ. ಮುಂದಿನ ಮಗುವಿಗೂ ಹೀಗೇ ಆಗುತ್ತದೆಯೇ?

ಮೊದಲ ಅಂಕಿ ಒಟ್ಟು ಕ್ರೋಮೋಸೋಮ್‌ಗಳದು, ನಂತರದ್ದು ಲಿಂಗದ ಕ್ರೋಮೋಸೋಮ್‌ಗಳು, ಕೊನೆಯದು ಹೆಚ್ಚಾಗಿರುವುದು ಯಾವುದು ಎಂಬುದು. ರಿಪೋರ್ಟಿನ ಜೊತೆ ಕೊಡುವ ಚಿತ್ರದಲ್ಲಿ ಪಟ್ಟೆಪಟ್ಟೆಯ ಕ್ರೋಮೋಸೋಮ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿರುತ್ತಾರೆ. ಕೆಳಗಿನ ಸಾಲಿನಲ್ಲಿ 21 ಎಂದು ಬರೆದಲ್ಲಿ ಎರಡು ಇರಬೇಕಾದ ಪುಟ್ಟ ತುಂಡುಗಳು ಮೂರು ಇರುತ್ತವೆ. ಇದೇ ಡೌನ್ ಸಿಂಡ್ರೋಮ್. ಈ ಬಗೆಯದಾದರೆ ಮುಂದಿನ ಬಸಿರಿನಲ್ಲಿ ಮರುಕಳಿಸುವ ಸಾಧ್ಯತೆ ಸುಮಾರು 100ಕ್ಕೆ 1, ತಾಯಿಯ ವಯಸ್ಸು ಹೆಚ್ಚಿದ್ದರೆ ಅದಕ್ಕೆ ತಕ್ಕಷ್ಟು.

ಆದರೆ ರಿಪೋರ್ಟಿನಲ್ಲಿ 46 ಎಂದಿದ್ದು 'ಡರ್' ಅಥವಾ 'ರಾಬ್' ಎಂಬ ಸಂಕ್ಷೇಪ ಕಂಡರೆ ಕಥೆಯೇ ಬೇರೆ. 21ರ ಒಂದು ತುಂಡು ಇನ್ನೊಂದು ಕ್ರೋಮೋಸೋಮಿಗೆ ಅಂಟಿಕೊಂಡಿದೆ, ಅಂದರೆ ಟ್ರಾನ್ಸ್‌ಲೊಕೇಶನ್. ಆಗ ತಂದೆತಾಯಿ ಇಬ್ಬರ ಕ್ಯಾರಿಯೋಟೈಪ್ ಕಡ್ಡಾಯ. 14 ಮತ್ತು 21 ಅಂಟಿದ ಬಗೆಗೆ ತಾಯಿ ವಾಹಕಳಾಗಿದ್ದರೆ ಮರುಕಳಿಸುವ ಸಾಧ್ಯತೆ 100ಕ್ಕೆ 10–15ಕ್ಕೆ ಏರುತ್ತದೆ.

ಹೆಟೆರೊಝೈಗಸ್, ಹೋಮೊಝೈಗಸ್, ಹೆಮಿಝೈಗಸ್: ಇವುಗಳಲ್ಲಿ ಯಾವುದು ಹೆಚ್ಚು ಅಪಾಯದ್ದು?

ಇವು ಅಪಾಯದ ಮಟ್ಟ ಹೇಳುವ ಪದಗಳಲ್ಲ, ಎಷ್ಟು ಪ್ರತಿಗಳಲ್ಲಿ ಬದಲಾವಣೆ ಇದೆ ಎಂದು ಹೇಳುತ್ತವೆ. ಎರಡರಲ್ಲಿ ಒಂದರಲ್ಲಿದ್ದರೆ ಹೆಟೆರೊಝೈಗಸ್. ಎರಡರಲ್ಲೂ ಅದೇ ಬದಲಾವಣೆ ಇದ್ದರೆ ಹೋಮೊಝೈಗಸ್. ಗಂಡಿನ ಎಕ್ಸ್‌ನಂತೆ ಇರುವುದೇ ಒಂದು ಪ್ರತಿಯಾದರೆ ಹೆಮಿಝೈಗಸ್. ಎರಡು ಪ್ರತಿಗಳಲ್ಲಿ ಎರಡು ಬೇರೆ ಬೇರೆ ಬದಲಾವಣೆಗಳಿದ್ದರೆ ಕಾಂಪೌಂಡ್ ಹೆಟೆರೊಝೈಗಸ್. ಹೆಟೆರೊಝೈಗಸ್ ಎಂದರೆ ಥಲಸ್ಸೇಮಿಯಾದಲ್ಲಿ ಬರೀ ವಾಹಕ, ಬಿಆರ್‌ಸಿಎಯಲ್ಲಿ ಅಪಾಯವಿರುವ ವ್ಯಕ್ತಿ.

ವಿಯುಎಸ್ ಎಂದು ಬಂದಿದೆ. ಪಾಸಿಟಿವ್ ಎಂದುಕೊಳ್ಳಬೇಕೇ, ನೆಗೆಟಿವ್ ಎಂದುಕೊಳ್ಳಬೇಕೇ?

ಎರಡೂ ಬೇಡ. 2015ರ ಅಮೆರಿಕದ ಮಾರ್ಗಸೂಚಿಯಂತೆ ಪ್ರಯೋಗಾಲಯಗಳು ವೇರಿಯಂಟ್‌ಗಳನ್ನು ಐದು ವರ್ಗಕ್ಕೆ ಹಾಕುತ್ತವೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರಪಾಯ, ನಿರಪಾಯ. ವಿಯುಎಸ್ ಎಂದರೆ ನಡುವಿನ 'ಅರ್ಥ ಅನಿಶ್ಚಿತ' ವರ್ಗ. ಅದನ್ನು ನಂಬಿ ಗರ್ಭಪಾತಕ್ಕೋ ಶಸ್ತ್ರಚಿಕಿತ್ಸೆಗೋ ಹೋಗಬಾರದು. ತಂದೆತಾಯಿಯ ರಕ್ತದಲ್ಲಿ ಅದೇ ಜಾಗವನ್ನು ಪರೀಕ್ಷಿಸಿದರೆ ಎಷ್ಟೋ ಸಲ ಗೊಂದಲ ತಿಳಿಯಾಗುತ್ತದೆ.

ನಮ್ಮವರಿಗೆ ವಿಯುಎಸ್ ಹೆಚ್ಚಾಗಿ ಬರಲು ಒಂದು ಕಾರಣವಿದೆ. ಹೋಲಿಸಿ ನೋಡುವ ಜಾಗತಿಕ ದತ್ತಾಂಶದಲ್ಲಿ ಯುರೋಪ್ ಮೂಲದವರದೇ ಸಿಂಹಪಾಲು. ನಮ್ಮಲ್ಲಿ ಸಾಮಾನ್ಯವಾಗಿರುವ ನಿರುಪದ್ರವಿ ಬದಲಾವಣೆಯೂ ಅಲ್ಲಿ ಅಪರೂಪವೆಂದು ತೋರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿದೆ. ಆ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ. ಇದರಿಂದ ಉಪಕಾರವಾಗುವುದು ಜಗಳೂರಿನ, ಹಿರಿಯೂರಿನ ಮಕ್ಕಳಿಗೆ. ಇನ್ನೂ ಬಹಳ ಜನರ ಜೀನೋಮ್ ಓದಬೇಕಿದೆ.

ಎಕ್ಸೋಮ್ ಪರೀಕ್ಷೆ ನೆಗೆಟಿವ್ ಬಂತು. ಜೀನ್ ತೊಂದರೆ ಇಲ್ಲ ಎಂದು ಬಿಟ್ಟುಬಿಡಬಹುದೇ?

ಬಿಡಬೇಡಿ. ಎಕ್ಸೋಮ್ ಓದುವುದು ಜೀನೋಮಿನ 100ಕ್ಕೆ 1–2 ಭಾಗವನ್ನು, ಅಂದರೆ ಪ್ರೋಟೀನಿಗೆ ಸೂಚನೆ ಕೊಡುವ ತುಣುಕುಗಳನ್ನು ಮಾತ್ರ. ಬುದ್ಧಿಮಾಂದ್ಯಕ್ಕೆ ಕಾರಣವಾಗುವ ಫ್ರಜೈಲ್ ಎಕ್ಸ್ ಅದರಲ್ಲಿ ಸಿಗುವುದಿಲ್ಲ. ಸ್ನಾಯು ಸೊರಗುವ ಡುಶೇನ್ ಕಾಯಿಲೆಯಲ್ಲಿ ಜೀನ್‌ನ ತುಂಡೇ ಬಿಟ್ಟುಹೋಗಿರುವುದು ಹೆಚ್ಚು. ಅದಕ್ಕೂ, ನರಗಳು ಕೆಟ್ಟು ಸ್ನಾಯು ದುರ್ಬಲವಾಗುವ ಎಸ್‌ಎಂಎ ಕಾಯಿಲೆಗೂ ಮೊದಲು ಮಾಡಿಸಬೇಕಾದದ್ದು, ಜೀನ್‌ನ ತುಂಡು ಬಿಟ್ಟುಹೋಗಿದೆಯೇ ಎಂದು ನೋಡುವ ಎಂಎಲ್‌ಪಿಎ ಪರೀಕ್ಷೆ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನರಿಗೆ ಜೀನ್‌ನ ಒಂದು ಭಾಗ ತಿರುಗಿ ಕೂತಿರುತ್ತದೆ. ಇಂಟ್ರಾನ್ 22 ತಿರುವು ಎಂಬ ಇದಕ್ಕೂ ಪ್ರತ್ಯೇಕ ಪರೀಕ್ಷೆ ಬೇಕು.

ಬಸಿರಿನಲ್ಲಿ ಎನ್‌ಐಪಿಟಿ ಮಾಡಿಸಿದೆವು, 'ಹೈ ರಿಸ್ಕ್' ಬಂತು. ಮಗುವಿಗೆ ಡೌನ್ ಸಿಂಡ್ರೋಮ್ ಖಚಿತವೇ?

ಖಚಿತವಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿದಾಗ ಮರಳಿನ ಜೊತೆ ಒಂದಿಷ್ಟು ಒಳ್ಳೆಯ ಕಾಳೂ ಕೆಳಗೆ ಬೀಳುತ್ತದೆ. ಸ್ಕ್ರೀನಿಂಗ್ ಪರೀಕ್ಷೆಗಳೂ ಅಷ್ಟೆ. ಎನ್‌ಐಪಿಟಿ ತಾಯಿಯ ರಕ್ತದಲ್ಲಿ ತೇಲುವ ಮಾಸಿನ ಡಿಎನ್‌ಎ ತುಣುಕುಗಳನ್ನು ನೋಡುತ್ತದೆ, ಮಗುವನ್ನೇ ನೋಡುವುದಿಲ್ಲ. ಖಚಿತಪಡಿಸಲು 11–14 ವಾರದಲ್ಲಿ ಮಾಸಿನ ಚೂರು ತೆಗೆಯುವ ಸಿವಿಎಸ್ ಅಥವಾ 16 ವಾರದ ಹೊತ್ತಿಗೆ ಮಗುವಿನ ಸುತ್ತಲಿನ ನೀರು ತೆಗೆಯುವ ಆಮ್ನಿಯೊಸೆಂಟೆಸಿಸ್ ಬೇಕು. ಇವುಗಳ ಉತ್ತರ ಬರುವವರೆಗೆ ಯಾವ ತೀರ್ಮಾನವೂ ಬೇಡ. ಹೆಣ್ಣೋ ಗಂಡೋ ಎಂದು ಮಾತ್ರ ಯಾರನ್ನೂ ಕೇಳಬೇಡಿ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಹೇಳುವುದೂ ಕೇಳುವುದೂ ಅಪರಾಧ.

## ಮುಂದಿನ ಹಂತ

ಜೀನ್ ಥೆರಪಿ ಬಂದಿದೆಯಂತೆ. ಕೆಟ್ಟ ಜೀನನ್ನು ತೆಗೆದು ಹೊಸದು ಹಾಕಿಬಿಡುತ್ತಾರೆಯೇ?

ಈಗಿರುವ ಚಿಕಿತ್ಸೆಗಳಲ್ಲಿ ಹೆಚ್ಚಿನವು ಕೆಟ್ಟದ್ದನ್ನು ತೆಗೆಯುವುದಿಲ್ಲ. ನಿರುಪದ್ರವಿ ಮಾಡಿದ ವೈರಸ್ಸಿನ ಮೂಲಕ ಸರಿಯಾದ ಪ್ರತಿಯೊಂದನ್ನು ಸೇರಿಸುತ್ತವೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ತೀವ್ರ ಹಿಮೋಫಿಲಿಯಾ ಎ ಇದ್ದ ಐವರಿಗೆ ಅವರದೇ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಅಂಶ 8ರ ಜೀನ್ ಸೇರಿಸಿ, ಮರಳಿ ಕೊಟ್ಟರು. ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅಂಶದ ಉತ್ಪತ್ತಿ ಮುಂದುವರಿದು, ಅವರಲ್ಲಿ ತಾನಾಗಿ ಆಗುತ್ತಿದ್ದ ರಕ್ತಸ್ರಾವ ನಿಂತಿದೆ. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ಹೇಳತೀರದು.

ಕ್ರಿಸ್ಪರ್ ಬೇರೆ ಬಗೆ. ಅದು ಡಿಎನ್‌ಎಯನ್ನೇ ಕತ್ತರಿಸುತ್ತದೆ. ಸಿಕಲ್ ಸೆಲ್ ಮತ್ತು ಥಲಸ್ಸೇಮಿಯಾಕ್ಕೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿದ ಕ್ರಿಸ್ಪರ್ ಚಿಕಿತ್ಸೆ ಕೂಡ ಎಚ್‌ಬಿಬಿ ಜೀನನ್ನು ಮುಟ್ಟುವುದಿಲ್ಲ. ಮಗು ಹುಟ್ಟಿದ ಮೇಲೆ ಭ್ರೂಣದ ಹಿಮೋಗ್ಲೋಬಿನ್ನನ್ನು ತಡೆಯುವ ಒಂದು ಜೀನ್ ಇದೆ; ರಕ್ತ ತಯಾರಾಗುವ ಕೋಶಗಳಲ್ಲಿ ಅದರ ಕೆಲಸವನ್ನು ಕುಗ್ಗಿಸಿ ಆ ಹಳೆಯ ಹಿಮೋಗ್ಲೋಬಿನ್ ಮತ್ತೆ ಬರುವಂತೆ ಮಾಡುತ್ತದೆ. ಬೆಲೆ ಮಾತ್ರ ಈಗ ನಮ್ಮ ಕೈಗೆಟುಕುವಂಥದ್ದಲ್ಲ. ಥಲಸ್ಸೇಮಿಯಾ ಮಕ್ಕಳಿಗೆ ಸದ್ಯಕ್ಕೆ ಗುಣವಾಗುವ ದಾರಿ ಅಸ್ಥಿಮಜ್ಜೆ ಕಸಿ. ಕಸಿಗೆ ಹೊಂದಬೇಕಾದ ಜೀವಕೋಶದ ಗುರುತು ಎಚ್‌ಎಲ್‌ಎ; ಒಡಹುಟ್ಟಿದವರದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಇಷ್ಟು ಖರ್ಚಿಗೆ ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಮೂರೂ ಇವೆ. ಜಿಲ್ಲಾ ಆಸ್ಪತ್ರೆಯ ಮೂಲಕ ಪ್ರಮಾಣಪತ್ರ ಮಾಡಿಸಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಪಡೆಯಿರಿ. ಬೇರೆ ಕೆಲವು ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವಿದೆ. ಅದಕ್ಕೆ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಒಂದು.

ಮಗಳ ರಿಪೋರ್ಟ್‌ನಲ್ಲಿ ವಾಹಕ ಎಂದಿದೆ. ಬೀಗರಿಗೆ ಹೇಳಬೇಕೇ, ಮುಚ್ಚಿಡಬೇಕೇ?

ರಿಪೋರ್ಟ್ ನಿಮ್ಮ ಮಗಳದು. ಅವಳ ಒಪ್ಪಿಗೆಯಿಲ್ಲದೆ ನಾನಾಗಲಿ ವೈದ್ಯರಾಗಲಿ ಯಾರಿಗೂ ತೋರಿಸುವಂತಿಲ್ಲ, ನೀವೂ ತೋರಿಸಬಾರದು. ಆದರೆ ಮುಚ್ಚಿಟ್ಟು ಮದುವೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಥಲಸ್ಸೇಮಿಯಾದ ಮಟ್ಟಿಗೆ ಹೇಳಬೇಕಾದ ಮಾತು ಚಿಕ್ಕದು: ಹುಡುಗನೂ ಒಮ್ಮೆ ಎಚ್‌ಪಿಎಲ್‌ಸಿ ಮಾಡಿಸಲಿ. ಅವನು ವಾಹಕನಲ್ಲದಿದ್ದರೆ ಮಕ್ಕಳಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಎರಡೂ ಪ್ರತಿ ಕೆಟ್ಟ ತೀವ್ರ ಬಗೆ, ಬರುವುದಿಲ್ಲ, ಮದುವೆಗೆ ಯಾವ ಅಡ್ಡಿಯೂ ಇಲ್ಲ. ಅವನೂ ವಾಹಕನಾದರೆ ಮದುವೆ ಮುರಿಯಲೇಬೇಕೆಂದಿಲ್ಲ, ಬಸಿರಿನ ಆರಂಭದಲ್ಲೇ ಸಿವಿಎಸ್ ಮಾಡಿಸುವ ದಾರಿಯಿದೆ.

ಕಾಯಿಲೆ ಯಾವುದೆಂದು ಗೊತ್ತಾಯಿತು. ಹಳೆಯ ಜೀನ್ ರಿಪೋರ್ಟ್ ಇನ್ನೂ ಇಟ್ಟುಕೊಳ್ಳಬೇಕೇ?

ಇಟ್ಟುಕೊಳ್ಳಲೇಬೇಕು. ನಿಮ್ಮ ಮುಂದಿನ ಬಸಿರಿಗೋ ತಂಗಿಯ ಬಸಿರಿಗೋ ಸಿವಿಎಸ್ ಮಾಡುವಾಗ ಪ್ರಯೋಗಾಲಯದವರು ಮೊದಲು ಕೇಳುವುದು, ಯಾವ ಜೀನ್‌ನಲ್ಲಿ ಯಾವ ಅಕ್ಷರ ಬದಲಾಗಿದೆ ಎಂಬುದನ್ನು. 'ಸಿ' ಎಂಬ ಅಕ್ಷರ, ಚುಕ್ಕೆ, ಅಂಕಿಗಳಿಂದ ಆರಂಭವಾಗುವ ಆ ಸಾಲು ಕೈಯಲ್ಲಿಲ್ಲದಿದ್ದರೆ ಹುಡುಕಾಟ ಮೊದಲಿನಿಂದ ಆರಂಭವಾಗಿ ವಾರಗಳು ಕಳೆದುಹೋಗುತ್ತವೆ. ಉತ್ತರ ಸಿಗದ ಎಕ್ಸೋಮ್ ಆಗಿದ್ದರೆ ಮೂಲ ದತ್ತಾಂಶದ ಕಡತವನ್ನೂ ಕೇಳಿ ಪಡೆಯಿರಿ. ಒಂದೆರಡು ವರ್ಷದ ನಂತರ ಅದನ್ನೇ ಮತ್ತೆ ವಿಶ್ಲೇಷಿಸಿದಾಗ ಕೆಲವರಿಗೆ ಉತ್ತರ ಸಿಕ್ಕಿದೆ. ಮೊಬೈಲಿನಲ್ಲಿ ಮೊದಲ ಪುಟದ ಫೋಟೊ ಒಂದೇ ಇದ್ದರೆ ಸಾಲದು. ಎಲ್ಲ ಪುಟಗಳ ಪಿಡಿಎಫ್ ಇರಲಿ, ಒಂದು ಮುದ್ರಿತ ಪ್ರತಿ ತಾಯಿ ಕಾರ್ಡಿನ ಜೊತೆಯಲ್ಲಿರಲಿ.